ಲೈವ್ ನಡುವೆ ಗೆಳೆಯರೊಂದಿಗೆ ಮಾತು: ಹೊರಗಿನ ಆಡಿಯೊ ಮಿಕ್ಸರ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ರಾಯಚೂರು, ಸಿಂಧನೂರು, ಗಂಗಾವತಿ, ಬಳ್ಳಾರಿ ಕಡೆಯ ಹುಡುಗ ಹುಡುಗಿಯರು ಕಂಪ್ಯೂಟರ್ ಆಟವನ್ನು ಇಂಟರ್ನೆಟ್ಟಿನಲ್ಲಿ ಲೈವ್ ಮಾಡಲು ಹೊರಟಾಗ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ಹಲವು ಸದ್ದುಗಳನ್ನು ಬೆರೆಸಿ ಕೊಡುವ ಮಿಕ್ಸರ್ ಕೊಂಡಿದ್ದಾರೆ, ಮೈಕ್ ಚೆನ್ನಾಗಿದೆ, ಆಟವೂ ತಡೆಯಿಲ್ಲದೆ ಓಡುತ್ತಿದೆ. ಆದರೆ ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ ಜೊತೆಗೂಡಿದ ಗೆಳೆಯರು ಎರಡನೆಯ ನಿಮಿಷಕ್ಕೇ "ಅಣ್ಣಾ, ನಮ್ ಮಾತು ನಮಗಽ ತಿರುಗಿ ಕೇಳಾಕತ್ತೈತಿ" ಎನ್ನುತ್ತಾರೆ. ಅದನ್ನು ಸರಿಪಡಿಸಲು ಹೋದರೆ ವೀಕ್ಷಕರಿಗೆ ಗೆಳೆಯರ ದನಿಯೇ ಕೇಳದಂತಾಗುತ್ತದೆ. ನಾನು ಹೋಗಿ ನೋಡಿದ ಬಹುತೇಕ ಮನೆಗಳಲ್ಲಿ ಉಪಕರಣ ಸರಿಯಾಗಿಯೇ ಇತ್ತು; ಜೋಡಣೆಯ ಅನುಕ್ರಮ ತಪ್ಪಿತ್ತು. ಯಾರ ದನಿ ಯಾರಿಗೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳುವ ಮೊದಲೇ ವೈರುಗಳನ್ನು ಚುಚ್ಚಲಾಗಿತ್ತು. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಿರಿ. ಒಂದು ಹಂತದ ಪರೀಕ್ಷೆ ಗೆಲ್ಲದೆ ಮುಂದಿನ ಹಂತಕ್ಕೆ ಕೈಹಾಕಬೇಡಿರಿ.

ಹಂತ 1: ಮೊದಲು ಕಾಗದದ ಮೇಲೆ ಬರೆಯಿರಿ

ಒಂದು ಹಾಳೆಯ ಮೇಲೆ ಚೌಕಾಬಾರಕ್ಕೆ ಗೀಚುವಂತೆ ಒಂಬತ್ತು ಮನೆಗಳನ್ನು ಗೀಚಿರಿ. ಎಡಗಡೆ ಮೂವರು ಕೇಳುಗರನ್ನು ಬರೆಯಿರಿ: ನೀವು, ಗೆಳೆಯರು, ವೀಕ್ಷಕರು. ಮೇಲುಗಡೆ ಮೂರು ಸದ್ದುಗಳನ್ನು ಬರೆಯಿರಿ: ನಿಮ್ಮ ದನಿ, ಗೆಳೆಯರ ದನಿ, ಆಟದ ಸದ್ದು. ಈಗ ಯಾರಿಗೆ ಏನು ಕೇಳಬೇಕೋ ಆ ಮನೆಗೆ ಗುರುತು ಹಾಕಿರಿ.

ನಿಮಗೆ ಗೆಳೆಯರ ದನಿಯೂ ಆಟದ ಸದ್ದೂ ಬೇಕು. ನಿಮ್ಮ ದನಿ ನಿಮಗೆ ಕೇಳುವುದು ಇಷ್ಟಕ್ಕೆ ಬಿಟ್ಟದ್ದು. ವೀಕ್ಷಕರಿಗೆ ಮೂರೂ ಬೇಕು, ಆದರೆ ಪ್ರತಿಯೊಂದೂ ಒಂದೇ ಸಲ ತಲುಪಬೇಕು. ಗೆಳೆಯರಿಗೆ ನಿಮ್ಮ ದನಿ ಮಾತ್ರ ಬೇಕು. ಅವರು ಒಬ್ಬರನ್ನೊಬ್ಬರು ಡಿಸ್ಕಾರ್ಡ್‌ನಿಂದಲೇ ನೇರವಾಗಿ ಕೇಳಿಸಿಕೊಳ್ಳುತ್ತಾರೆ, ಆಟದ ಸದ್ದು ಅವರವರ ಯಂತ್ರದಲ್ಲಿಯೇ ಇರುತ್ತದೆ. ಹಾಗಾಗಿ ಒಂಬತ್ತರಲ್ಲಿ 'ಗೆಳೆಯರಿಗೆ ಗೆಳೆಯರ ದನಿ' ಎಂಬ ಮನೆ ಖಾಲಿಯಾಗಿಯೇ ಉಳಿಯಬೇಕು. ಮುಂದೆ ಮಾಡುವ ಕೆಲಸವೆಲ್ಲ ಈ ಒಂದು ಮನೆಯನ್ನು ಖಾಲಿ ಉಳಿಸುವುದಕ್ಕಾಗಿಯೇ ಎಂದು ತಿಳಿಯಿರಿ. ಬಂದ ದನಿಯನ್ನು ಬಂದ ದಾರಿಗೆ ಮರಳಿಸದೆ ಉಳಿದೆಲ್ಲ ಕಡೆಗೆ ಕಳಿಸುವ ಈ ಕ್ರಮಕ್ಕೆ ಧ್ವನಿಯ ಕೆಲಸದವರು ಮಿಕ್ಸ್-ಮೈನಸ್ ಎನ್ನುತ್ತಾರೆ.

ಹಂತ 2: ಬೇಕಾಗುವ ಸಾಮಾನು

ಯುಎಸ್‌ಬಿ ಇರುವ ಮಿಕ್ಸರ್, ಮೈಕ್, ಮೈಕಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ತುದಿಯ) ಕೇಬಲ್, ಕಿವಿಯನ್ನು ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್: ಇಷ್ಟು ಎಲ್ಲರಿಗೂ ಬೇಕು. ಬ್ಲೂಟೂತ್ ಹೆಡ್‌ಫೋನ್ ಬೇಡ, ಏಕೆಂದರೆ ಅದರಲ್ಲಿ ಧ್ವನಿ ತಡವಾಗಿ ಬರುವುದರಿಂದ ಮಾತೂ ಆಟವೂ ಹೊಂದಿಕೊಳ್ಳುವುದಿಲ್ಲ. ಕಂಪ್ಯೂಟರಿನ ಸ್ಪೀಕರುಗಳನ್ನು ಲೈವ್ ಮುಗಿಯುವವರೆಗೆ ಬಂದ್ ಮಾಡಿಡಬೇಕು.

ಮುಂದೆ ಹೇಳುವ ಎರಡನೆಯ ದಾರಿಯನ್ನು ಹಿಡಿಯುವವರಿಗೆ ಇನ್ನೂ ಕೆಲವು ಬೇಕಾಗುತ್ತವೆ. ಒಂದು, ಮಿಕ್ಸರಿನಲ್ಲಿ ಆಕ್ಸ್ ಸೆಂಡ್ ಅಥವಾ ಎಫ್‌ಎಕ್ಸ್ ಸೆಂಡ್ ಎಂಬ ಪ್ರತ್ಯೇಕ ಹೊರದಾರಿ ಇರಬೇಕು. ಎರಡು, ಮೈಕ್ ಮತ್ತು ಹೆಡ್‌ಫೋನ್‌ಗೆ ಬೇರೆ ಬೇರೆ ತೂತುಗಳಿರುವ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಮೂರು, ಒಂದು ತುದಿಗೆ 3.5 ಮಿ.ಮೀ. ಸ್ಟಿರಿಯೊ ಪಿನ್, ಇನ್ನೊಂದು ತುದಿಗೆ ಎರಡು 6.35 ಮಿ.ಮೀ. ಮೋನೊ ಪಿನ್ ಇರುವ ಕವಲು ಕೇಬಲ್ ಬೇಕು. ನಾಲ್ಕು, ಒಂದು ತುದಿಗೆ 6.35 ಮಿ.ಮೀ. ಮೋನೊ, ಇನ್ನೊಂದಕ್ಕೆ 3.5 ಮಿ.ಮೀ. ಪಿನ್ ಇರುವ ಒಂಟಿ ಕೇಬಲ್ ಬೇಕು. ನಮ್ಮ ಕಡೆಯ ಮೈಕ್‌ಸೆಟ್ ಅಂಗಡಿಗಳಲ್ಲಿ 6.35ಕ್ಕೆ ಪಿ-38 ಎಂದೂ 3.5ಕ್ಕೆ ಇಪಿ ಪಿನ್ ಎಂದೂ ಕೇಳಿದರೆ ತಕ್ಷಣ ಕೊಡುತ್ತಾರೆ. ಅಳತೆ ಹೇಳುತ್ತ ನಿಂತರೆ ಹೊತ್ತಾಗುತ್ತದೆ.

ಹಂತ 3: ಕೋಣೆ, ಕೂಲರ್ ಮತ್ತು ಕರೆಂಟ್

ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು, ಕೂಲರ್ ಬಂದ್ ಮಾಡಿ ಕೂರಿರೆಂದು ಹೇಳುವುದು ನ್ಯಾಯವಲ್ಲ. ಅವುಗಳ ಸದ್ದನ್ನು ಇಟ್ಟುಕೊಂಡೇ ದಾರಿ ಹುಡುಕಬೇಕು. ಸಾಮಾನ್ಯವಾಗಿ ಸಿಗುವ ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನದನ್ನು ಹೆಚ್ಚಾಗಿಯೂ ಬೆನ್ನಿನ ಕಡೆಯದನ್ನು ತೀರ ಕಡಿಮೆಯಾಗಿಯೂ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಕೂಲರನ್ನು ನಿಮ್ಮ ಹಿಂದೆ ಇಡದೆ, ಎದುರಿಗೆ, ಅಂದರೆ ಮೈಕಿನ ಬೆನ್ನಿನ ಕಡೆಗೆ ಇಡಿರಿ. ಗಾಳಿ ನೇರವಾಗಿ ಮೈಕಿಗೆ ಬಡಿಯದಂತೆ ತುಸು ಓರೆ ಮಾಡಿ, ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕಿರಿ. ಬಾಯಿಗೂ ಮೈಕಿಗೂ ನಾಲ್ಕೈದು ಬೆರಳಿನಷ್ಟೇ ಅಂತರವಿರಲಿ. ಮೈಕ್ ದೂರವಿದ್ದಷ್ಟೂ ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ, ಹೆಚ್ಚಿಸಬೇಕಾಗುತ್ತದೆ, ಗೇನ್ ಹೆಚ್ಚಿದಷ್ಟೂ ಕೂಲರ್ ಒಳಗೆ ಬರುತ್ತದೆ.

ಫರಸಿ ಕಲ್ಲಿನ ನೆಲ, ಬರಿಗೋಡೆ ಇರುವ ಕೋಣೆಯಲ್ಲಿ ದನಿ ಮೊಳಗುತ್ತದೆ. ಇದಕ್ಕೆ ದುಬಾರಿ ಫೋಮ್ ಹಾಳೆಗಳನ್ನು ಕೊಳ್ಳುವ ಮುಂಚೆ ಮನೆಯ ಟ್ರಂಕಿನಲ್ಲಿ ಮಡಿಸಿಟ್ಟ ಎರಡು ದಪ್ಪ ಕೌದಿಗಳನ್ನು ತೆಗೆದು, ಒಂದನ್ನು ನಿಮ್ಮ ಬೆನ್ನ ಹಿಂದಿನ ಗೋಡೆಗೆ ಇಳಿಬಿಟ್ಟು, ಇನ್ನೊಂದನ್ನು ಮೇಜಿನ ಕೆಳಗೆ ಹಾಸಿ ನೋಡಿರಿ. ಚಪ್ಪಾಳೆ ತಟ್ಟಿದರೆ ಮೊದಲಿದ್ದ ಠಣತ್ಕಾರ ಕೂಡಲೇ ಕುಗ್ಗುವುದು ನಿಮ್ಮ ಕಿವಿಗೇ ತಿಳಿಯುತ್ತದೆ.

ಇನ್ನು ಕರೆಂಟಿನ ವಿಷಯ. ಕಂಪ್ಯೂಟರ್, ಮಿಕ್ಸರ್, ಮಾನಿಟರ್ ಮೂರಕ್ಕೂ ಒಂದೇ ಮೂರು ಪಿನ್ನಿನ ಬೋರ್ಡಿನಿಂದ ಕರೆಂಟ್ ಕೊಡಿರಿ; ಕೂಲರನ್ನು ಬೇರೆ ಸಾಕೆಟ್ಟಿಗೆ ಹಾಕಿರಿ. ಹಮ್ಮಿಂಗ್ ನಿಲ್ಲಲೆಂದು ಕೆಲವರು ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿಯುತ್ತಾರೆ, ಇಲ್ಲವೇ ಅರ್ತಿಂಗ್ ವೈರನ್ನು ಬಿಚ್ಚಿಡುತ್ತಾರೆ. ಇದನ್ನು ಎಂದಿಗೂ ಮಾಡಬೇಡಿರಿ. ಮೈಕಿನ ಜಾಲಿಗೆ ತುಟಿ ತಾಕಿದಾಗಲೋ ಮಿಕ್ಸರಿನ ತಗಡನ್ನು ಮುಟ್ಟಿದಾಗಲೋ ಜುಮ್ಮೆಂದರೆ ಅದು ಜೀವಕ್ಕೆ ಅಪಾಯವಾಗಬಲ್ಲ ಸೂಚನೆ. ಕೂಡಲೇ ಮೇನ್ ಸ್ವಿಚ್ ಆರಿಸಿ, ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ತೋರಿಸಿಕೊಳ್ಳುವವರೆಗೆ ಆ ಜೋಡಣೆಯನ್ನು ಮುಟ್ಟಬೇಡಿರಿ.

ಹಂತ 4: ಮೈಕ್ ಒಂದನ್ನೇ ಜೋಡಿಸಿ ಗೇನ್ ಹೊಂದಿಸುವುದು

ಈ ಹಂತದಲ್ಲಿ ಡಿಸ್ಕಾರ್ಡ್, ಲೈವ್ ಕಳಿಸುವ ತಂತ್ರಾಂಶವಾದ ಒಬಿಎಸ್, ಆಟ ಎಲ್ಲವೂ ಬಂದ್ ಇರಲಿ. ಮಿಕ್ಸರಿನ ಎಲ್ಲ ಗೇನ್, ಎಲ್ಲ ಫೇಡರ್ (ಮಟ್ಟ ಏರಿಳಿಸುವ ಗುಂಡಿ), ಹೆಡ್‌ಫೋನಿನ ನಾಬ್ ಇವುಗಳನ್ನು ಪೂರ್ತಿ ಇಳಿಸಿ, ಬಾಸು, ಟ್ರೆಬಲ್‌ಗಳನ್ನು ನಡುವಿನ ಗೆರೆಗೆ ನಿಲ್ಲಿಸಿರಿ. ಮೈಕನ್ನು ಜೋಡಿಸಿದ ಮೇಲೆಯೇ ಮಿಕ್ಸರಿನ ಸ್ವಿಚ್ ಹಾಕಿರಿ.

ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಕರೆಂಟ್ ಬೇಕು. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವಂಥ ಡೈನಾಮಿಕ್ ಮೈಕಿಗೆ ಬೇಡ. ಚಿಕ್ಕ ಮಿಕ್ಸರುಗಳಲ್ಲಿ 48 ವೋಲ್ಟಿನ ಗುಂಡಿ ಒಂದೇ ಇದ್ದು, ಅದನ್ನು ಒತ್ತಿದರೆ ಎಲ್ಲ ಎಕ್ಸ್‌ಎಲ್‌ಆರ್ ತೂತುಗಳಿಗೂ ಕರೆಂಟ್ ಹರಿಯುತ್ತದೆ. ಆದ ಕಾರಣ ಮೊಬೈಲಿನ ಅಥವಾ ಸೌಂಡ್ ಕಾರ್ಡಿನ ಧ್ವನಿಯನ್ನು ಯಾವುದೋ ಕನ್ವರ್ಟರ್ ಪಿನ್ ಹಾಕಿ ಎಕ್ಸ್‌ಎಲ್‌ಆರ್ ತೂತಿಗೆ ತೂರಿಸಬೇಡಿರಿ. ಆ ಉಪಕರಣ ಸುಟ್ಟುಹೋಗಬಹುದು. ಮೈಕನ್ನು ಕೀಳುವ ಮುಂಚೆ 48 ವೋಲ್ಟ್ ಆರಿಸಿ, ಅರೆಗಳಿಗೆ ತಡೆದು ಅನಂತರ ಕೀಳಬೇಕು.

ಈಗ ಮೈಕಿನ ಚಾನೆಲ್ಲಿನ ಫೇಡರನ್ನೂ ಮೇನ್ ಫೇಡರನ್ನೂ 0 ಎಂದು ಬರೆದಿರುವ ಗೆರೆಗೆ ತನ್ನಿರಿ. ಲೋ ಕಟ್ ಗುಂಡಿಯಿದ್ದರೆ ಒತ್ತಿರಿ. ಫ್ಯಾನಿನ ಗುಮ್ಮೆನ್ನುವ ಕೆಳಸದ್ದಿನ ಬಹುಭಾಗ ಅಲ್ಲಿಯೇ ಸೋಸಿಹೋಗುತ್ತದೆ. ನಂತರ ಗೇನನ್ನು ಮೆಲ್ಲಗೆ ಏರಿಸುತ್ತ ಮಾತಾಡಿರಿ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ: ಪರೀಕ್ಷೆ ಮಾಡುವಾಗ "ಹಲೋ, ಒನ್, ಟೂ" ಎಂದು ಮೆಲ್ಲನೆಯ ದನಿಯಲ್ಲಿ ಹೇಳಿ ಗೇನ್ ಹೊಂದಿಸುತ್ತಾರೆ, ಆಟ ಬಿಸಿಯೇರಿದಾಗ ಕೂಗಿ ಮಾತಾಡುತ್ತಾರೆ, ಆಗ ದನಿ ಹರಿದುಹೋಗುತ್ತದೆ. ಕೊನೆಯ ಓವರಿನಲ್ಲಿ ಸಿಕ್ಸರ್ ಬಿದ್ದಾಗ ಹೇಗೆ ಕೂಗುವಿರೋ ಹಾಗೆಯೇ ಕೂಗಿ, ಆಗಲೂ ಪೀಕ್ ಅಥವಾ ಕ್ಲಿಪ್ ಎಂಬ ಕೆಂಪು ದೀಪ ಹೊತ್ತದಷ್ಟಕ್ಕೆ ಗೇನನ್ನು ಇಳಿಸಿರಿ.

ನಾಬ್ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು ಕುಳಿತಿದೆ ಎಂದರ್ಥ. ಸಂಡೂರು, ಬಳ್ಳಾರಿ ಕಡೆಯ ಅದಿರಿನ ಕೆಂಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಮಿಕ್ಸರ್ ಆರಿಸಿ ಆ ನಾಬನ್ನು ತುದಿಯಿಂದ ತುದಿಗೆ ಇಪ್ಪತ್ತು ಸಲ ತಿರುಗಿಸಿರಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಿರಿ. ಕೆಲಸ ಮುಗಿದ ಮೇಲೆ ಪ್ರತಿದಿನ ಒಂದು ಬಟ್ಟೆ ಮುಚ್ಚುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಹಂತ 5: ಕಂಪ್ಯೂಟರಿಗೆ ಪರಿಚಯಿಸುವುದು

ಯುಎಸ್‌ಬಿ ಕೇಬಲನ್ನು ಹಬ್ಬಿಗೆ ಹಾಕದೆ ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿರಿ. ವಿಂಡೋಸಿನ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದರೆ ಮಿಕ್ಸರಿನ ಹೆಸರು ಪ್ಲೇಬ್ಯಾಕ್, ರೆಕಾರ್ಡಿಂಗ್ ಎರಡೂ ಕಡೆ ಕಾಣುತ್ತದೆ. ಬೆಹ್ರಿಂಗರ್ ಝೆನಿಕ್ಸ್ ಮಾದರಿಯ ಮಿಕ್ಸರುಗಳು ಸ್ವಂತ ಹೆಸರಿನಿಂದ ಕಾಣದೆ ಬರೀ 'ಯುಎಸ್‌ಬಿ ಆಡಿಯೊ ಕೋಡೆಕ್' ಎಂದು ಕಾಣುವುದರಿಂದ, ಇನ್ನೊಂದು ಸೌಂಡ್ ಕಾರ್ಡ್ ಸೇರಿದಾಗ ಯಾವುದು ಯಾವುದೆಂದು ತಿಳಿಯದೆ ಗೊಂದಲವಾಗುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಹೆಸರನ್ನು ಬದಲಿಸಲು ಅವಕಾಶವಿದೆ. ನಾನು ಕನ್ನಡದಲ್ಲಿಯೇ 'ಮಿಕ್ಸರ್', 'ಗೆಳೆಯರು' ಎಂದು ಬರೆದಿಡುತ್ತೇನೆ. ಒಬಿಎಸ್‌ನಲ್ಲಿಯೂ ಡಿಸ್ಕಾರ್ಡ್‌ನಲ್ಲಿಯೂ ಅದೇ ಹೆಸರು ಕಾಣುವುದರಿಂದ ತಪ್ಪು ಆಯ್ಕೆಗೆ ಆಸ್ಪದವಿರುವುದಿಲ್ಲ.

ಅಡ್ವಾನ್ಸ್ಡ್ ಪುಟದಲ್ಲಿ ಎಲ್ಲ ಉಪಕರಣಗಳಿಗೂ 48 ಕಿಲೋಹರ್ಟ್ಜ್ ಆಯ್ದುಕೊಳ್ಳಿರಿ, ಒಬಿಎಸ್‌ನ ಆಡಿಯೊ ಸೆಟ್ಟಿಂಗಿನಲ್ಲಿಯೂ ಅದೇ ಇರಲಿ. ಒಂದು ಕಡೆ 44.1, ಇನ್ನೊಂದು ಕಡೆ 48 ಇದ್ದರೆ ದನಿ ಚಿಟಚಿಟ ಎನ್ನುವುದು, ಯಂತ್ರ ಮಾತಾಡಿದಂತೆ ಕೇಳುವುದು, ತಾಸೊಂದು ಕಳೆದ ಮೇಲೆ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುವುದು ಇಂಥ ತೊಂದರೆಗಳು ಕಾಣಿಸಿಕೊಳ್ಳಬಹುದು. ಅದೇ ಪ್ಯಾನೆಲ್ಲಿನ ಕಮ್ಯುನಿಕೇಷನ್ಸ್ ಪುಟದಲ್ಲಿ 'ಡು ನಥಿಂಗ್' ಎಂಬುದನ್ನು ಆಯ್ದುಕೊಳ್ಳಿರಿ. ಇಲ್ಲವಾದರೆ ಕರೆ ಶುರುವಾದೊಡನೆ ವಿಂಡೋಸ್ ಉಳಿದ ಸದ್ದುಗಳನ್ನು ತಾನಾಗಿಯೇ ಶೇಕಡಾ 80ರಷ್ಟು ತಗ್ಗಿಸಿಬಿಡುತ್ತದೆ.

ಈ ಹಂತದ ಪರೀಕ್ಷೆ ಸುಲಭ, ಆದರೆ ಬಿಡಬೇಡಿರಿ. ಒಬಿಎಸ್ ತೆರೆದು ಮೈಕಿನ ಜಾಗದಲ್ಲಿ ಮಿಕ್ಸರನ್ನು ಆಯ್ದು, ಮೊದಲು ಮೈಕಿನ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿರಿ, ಆಮೇಲೆ ಲ್ಯಾಪ್‌ಟಾಪಿನ ಕೀಲಿಮಣೆಯ ಪಕ್ಕದಲ್ಲಿ ತಟ್ಟಿರಿ. ಎರಡನೆಯದಕ್ಕೆ ಒಬಿಎಸ್‌ನ ಪಟ್ಟಿ ಹೆಚ್ಚು ಕುಣಿದರೆ, ಅಷ್ಟು ದುಡ್ಡು ಕೊಟ್ಟು ತಂದ ಮೈಕ್ ಸುಮ್ಮನೆ ನಿಂತಿದೆ, ಲ್ಯಾಪ್‌ಟಾಪಿನ ಒಳಮೈಕ್ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಸಹಜ ಮಾತಿಗೆ ಆ ಪಟ್ಟಿ ಹಳದಿ ಭಾಗದಲ್ಲಿ, ಅಂದರೆ -20ರಿಂದ -9 ಡೆಸಿಬೆಲ್ ನಡುವೆ ಆಡಬೇಕು; ಕೂಗಿದಾಗಲೂ 0 ಮುಟ್ಟಬಾರದು. ದನಿ ಎಡಕಿವಿಗೆ ಮಾತ್ರ ಕೇಳಿದರೆ ಒಬಿಎಸ್‌ನ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮೋನೊ ಎಂಬ ಚೌಕಕ್ಕೆ ಗುರುತು ಹಾಕಿರಿ.

ಹಂತ 6: ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು

ಒಂದೇ ಕಂಪ್ಯೂಟರಿನಲ್ಲಿ ಆಟ, ಡಿಸ್ಕಾರ್ಡ್, ಒಬಿಎಸ್ ಮೂರನ್ನೂ ನಡೆಸುವವರಿಗೆ ಮೊದಲ ದಾರಿಯೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಮಿಕ್ಸರಿನಿಂದ ಕಂಪ್ಯೂಟರಿಗೆ ನಿಮ್ಮ ದನಿ ಮಾತ್ರ ಹೋಗುತ್ತದೆ. ಗೆಳೆಯರ ದನಿ, ಆಟದ ಸದ್ದುಗಳನ್ನು ಒಬಿಎಸ್ ಕಂಪ್ಯೂಟರಿನ ಒಳಗೇ ಹಿಡಿದುಕೊಳ್ಳುತ್ತದೆ. ಗೆಳೆಯರ ದನಿಯನ್ನು ಕೈಯಿಂದ ಫೇಡರ್ ಎಳೆದು ಏರಿಸಿ ಇಳಿಸಬೇಕೆನ್ನುವವರು, ಇಲ್ಲವೇ ಗೆಳೆಯರೊಡನೆ ಮೊಬೈಲಿನಲ್ಲಿ ಮಾತಾಡುತ್ತ ಲೈವನ್ನು ಕಂಪ್ಯೂಟರಿನಿಂದ ಮಾಡುವವರು ಎರಡನೆಯ ದಾರಿ ಹಿಡಿಯಬೇಕು. ಎರಡನ್ನೂ ಅರ್ಧರ್ಧ ಬೆರೆಸಿದರೆ ಖಂಡಿತ ಕೆಡುತ್ತದೆ.

ಹಂತ 7: ಮೊದಲ ದಾರಿ, ಮಿಕ್ಸರಿನಿಂದ ಮೈಕ್ ಮಾತ್ರ

ಕಂಪ್ಯೂಟರಿನಿಂದ ಮಿಕ್ಸರಿಗೆ ಬರುವ ಧ್ವನಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಸ್ವಿಚ್ಚೊಂದು ಮಿಕ್ಸರಿನ ಮೇಲೆ ಇರುತ್ತದೆ. ಈ ಇಡೀ ಜೋಡಣೆಯಲ್ಲಿ ಅತಿ ಹೆಚ್ಚು ಜನ ತಪ್ಪುವುದು ಆ ಸ್ವಿಚ್ಚಿನಲ್ಲಿಯೇ. ಯಮಹಾ ಎಜಿ03ರಲ್ಲಿ 'ಟು ಪಿಸಿ' ಎಂಬ ಸ್ವಿಚ್ಚಿಗೆ ಡ್ರೈ, ಇನ್‌ಪುಟ್ ಮಿಕ್ಸ್, ಲೂಪ್‌ಬ್ಯಾಕ್ ಎಂಬ ಮೂರು ಸ್ಥಾನಗಳಿವೆ. ಲೂಪ್‌ಬ್ಯಾಕ್‌ನಲ್ಲಿ ಕಂಪ್ಯೂಟರಿನಿಂದ ಬಂದದ್ದೆಲ್ಲವೂ ಮೈಕಿನ ಜೊತೆ ಕೂಡಿ ಮತ್ತೆ ಕಂಪ್ಯೂಟರಿಗೇ ಮರಳುತ್ತದೆ. ಸ್ಟ್ರೀಮಿಂಗಿಗೆ ಅದೇ ಬೇಕೆಂದು ಯಾರೋ ಹೇಳಿದ್ದನ್ನು ಕೇಳಿ ಅದರಲ್ಲಿಟ್ಟರೆ, ಡಿಸ್ಕಾರ್ಡ್ ಆ ಕಲಸುಮೇಲೋಗರವನ್ನೇ ನಿಮ್ಮ ಮೈಕ್ ಎಂದು ತಿಳಿದು ಗೆಳೆಯರಿಗೆ ಅವರದೇ ದನಿಯನ್ನು ಮರಳಿಸುತ್ತದೆ. ಮೊದಲ ದಾರಿಯಲ್ಲಿ ಅದು ಇನ್‌ಪುಟ್ ಮಿಕ್ಸ್‌ನಲ್ಲಿಯೇ ಇರಬೇಕು. ಬೇರೆ ಮಿಕ್ಸರುಗಳಲ್ಲಿ ಯುಎಸ್‌ಬಿಯನ್ನು ಮೇನ್ ಮಿಕ್ಸಿಗೆ ಕಳಿಸುವ ಗುಂಡಿ, ಹೆಡ್‌ಫೋನಿಗೆ ಕಳಿಸುವ ಗುಂಡಿ ಎಂದು ಎರಡಿರುತ್ತವೆ. ಹೆಡ್‌ಫೋನಿನದು ಮಾತ್ರ ಒತ್ತಿದ ಸ್ಥಿತಿಯಲ್ಲಿರಬೇಕು.

ಅನಂತರ ವಿಂಡೋಸಿನ ಮುಖ್ಯ ಔಟ್‌ಪುಟ್ ಮಿಕ್ಸರ್ ಇರಲಿ. ಡಿಸ್ಕಾರ್ಡಿನ ವಾಯ್ಸ್ ಸೆಟ್ಟಿಂಗಿನಲ್ಲಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಮಿಕ್ಸರನ್ನೇ ಆಯ್ದುಕೊಳ್ಳಿರಿ. 'ಡಿಫಾಲ್ಟ್' ಎಂದು ಬಿಡಬೇಡಿರಿ. ಆಟೋಮ್ಯಾಟಿಕ್ ಗೇನ್ ಕಂಟ್ರೋಲ್ ಆರಿಸಿರಿ, ಏಕೆಂದರೆ ಗೇನನ್ನು ನೀವು ಮಿಕ್ಸರಿನಲ್ಲಿ ಕೈಯಿಂದ ಹೊಂದಿಸಿದ್ದೀರಿ. ನಾಯ್ಸ್ ಸಪ್ರೆಷನ್ ಕೂಲರಿನ ಸದ್ದನ್ನು ತಗ್ಗಿಸುತ್ತದೆ, ಇರಲಿ. ಆದರೆ ನೀವು ಹಾರ್ಮೋನಿಯಂ, ತಬಲಾ ನುಡಿಸುವವರಾದರೆ ಅದು ವಾದ್ಯದ ನಾದವನ್ನೂ ಗದ್ದಲವೆಂದೇ ತಿಳಿದು ನುಂಗುವುದರಿಂದ ಆರಿಸಲೇಬೇಕು.

ಒಬಿಎಸ್‌ನಲ್ಲಿ ಮೈಕಿನ ಜಾಗಕ್ಕೆ ಮಿಕ್ಸರ್, ಡೆಸ್ಕ್‌ಟಾಪ್ ಆಡಿಯೊ ಜಾಗಕ್ಕೂ ಮಿಕ್ಸರಿನ ಔಟ್‌ಪುಟ್ ಕೊಟ್ಟರೆ ಕೆಲಸ ಮುಗಿಯಿತು. ಗೆಳೆಯರ ದನಿಯನ್ನೂ ಆಟದ ಸದ್ದನ್ನೂ ಬೇರೆ ಬೇರೆಯಾಗಿ ಏರಿಳಿಸಬೇಕೆಂದರೆ, 2022ರಲ್ಲಿ ಬಂದ 28ನೆಯ ಆವೃತ್ತಿಯಿಂದ ವಿಂಡೋಸಿನ ಒಬಿಎಸ್‌ನಲ್ಲಿರುವ ಅಪ್ಲಿಕೇಷನ್ ಆಡಿಯೊ ಕ್ಯಾಪ್ಚರ್ ಬಳಸಿ ಡಿಸ್ಕಾರ್ಡಿಗೊಂದು, ಆಟಕ್ಕೊಂದು ಸೇರಿಸಿರಿ. ಹಾಗೆ ಮಾಡಿದ ಕ್ಷಣವೇ ಡೆಸ್ಕ್‌ಟಾಪ್ ಆಡಿಯೊವನ್ನು ಡಿಸೇಬಲ್ ಮಾಡಲು ಮರೆಯಬೇಡಿರಿ. ಎರಡೂ ಇದ್ದರೆ ಒಂದೇ ಸದ್ದು ಎರಡು ದಾರಿಯಿಂದ ಬಂದು, ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತದೆ.

ಹಂತ 8: ಎರಡನೆಯ ದಾರಿ, ಗೆಳೆಯರಿಗೊಂದು ಬೇರೆ ಸೌಂಡ್ ಕಾರ್ಡ್

ಇಲ್ಲಿ ಗೆಳೆಯರ ದನಿ ಚಿಕ್ಕ ಯುಎಸ್‌ಬಿ ಕಾರ್ಡಿನಿಂದ ಹೊರಬಂದು ಮಿಕ್ಸರಿನ ಒಂದು ಸ್ಟಿರಿಯೊ ಚಾನೆಲ್ಲನ್ನು ಸೇರುತ್ತದೆ. ನಿಮ್ಮ ದನಿ ಆಕ್ಸ್ ಸೆಂಡಿನಿಂದ ಹೊರಟು ಅದೇ ಕಾರ್ಡಿನ ಮೈಕ್ ತೂತನ್ನು ಸೇರುತ್ತದೆ. ಡಿಸ್ಕಾರ್ಡಿಗೆ ಇನ್‌ಪುಟ್ಟೂ ಔಟ್‌ಪುಟ್ಟೂ ಆ ಚಿಕ್ಕ ಕಾರ್ಡ್. ವಿಂಡೋಸಿನ ಮುಖ್ಯ ಔಟ್‌ಪುಟ್ ಮಾತ್ರ ಮೊದಲಿನಂತೆ ಮಿಕ್ಸರ್. ಅದರಲ್ಲಿ ಈಗ ಆಟದ ಸದ್ದಷ್ಟೇ ಇರುತ್ತದೆ, ಅದು ಹೆಡ್‌ಫೋನಿಗೆ ಮಾತ್ರ ಹೋಗುವಂತೆ ಗುಂಡಿ ಇರಬೇಕು. ಒಬಿಎಸ್ ಮಿಕ್ಸರಿನಿಂದ ನಿಮ್ಮ ಮತ್ತು ಗೆಳೆಯರ ದನಿಯನ್ನೂ, ಡೆಸ್ಕ್‌ಟಾಪ್ ಆಡಿಯೊದಿಂದ ಆಟವನ್ನೂ ತೆಗೆದುಕೊಳ್ಳುತ್ತದೆ.

ಮೊದಲು ಗೆಳೆಯರು ಬರುವ ವೈರನ್ನು ಜೋಡಿಸಿರಿ. ಕವಲು ಕೇಬಲ್ಲಿನ ಎರಡು ಪಿನ್ನುಗಳನ್ನು ಸ್ಟಿರಿಯೊ ಚಾನೆಲ್ಲಿನ ಎಡ, ಬಲ ತೂತುಗಳಿಗೆ ಹಾಕಬೇಕು. ಸಿಂಧನೂರಿನ ಹುಡುಗನೊಬ್ಬ ಎರಡು ವಾರ ಒದ್ದಾಡಿದ್ದು ಈ ಒಂದು ಕೇಬಲ್ಲಿಗಾಗಿ. ಅವನ ಬಳಿ ಎರಡೂ ತುದಿಗೆ ಸ್ಟಿರಿಯೊ ಪಿನ್ ಇದ್ದ ಒಂಟಿ ಕೇಬಲ್ ಇತ್ತು, ಅದನ್ನೇ ಬ್ಯಾಲೆನ್ಸ್ಡ್ ಮೋನೊ ತೂತಿಗೆ ಹಾಕಿದ್ದ. ಹಾಡು ಹಾಕಿದರೆ ವಾದ್ಯಗಳು ಅಂಚಿನಲ್ಲಿ ಕೇಳುತ್ತಿದ್ದವು, ಹಾಡುವವರ ದನಿ ಮಾತ್ರ ಮಾಯ. ಗೆಳೆಯರು ಮಾತಾಡಿದರೆ ಏನೂ ಇಲ್ಲ. ಅಂಥ ತೂತು ಪಿನ್ನಿನ ಎರಡು ಭಾಗಗಳಲ್ಲಿ ಬಂದ ಧ್ವನಿಗಳ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ ಸಮನಾಗಿರುವ ಮಾತಿನ ದನಿ ಒಂದರಿಂದ ಒಂದು ಕಳೆದು ಸೊನ್ನೆಯಾಗುತ್ತದೆ. ಹಾಡಿದೆ, ಆದರೆ ಹಾಡುವವರಿಲ್ಲ ಎಂಬುದು ನಿಮಗೂ ಕಂಡರೆ ಬೇರೆಲ್ಲೂ ಹುಡುಕದೆ ಕೇಬಲ್ ಬದಲಿಸಿರಿ.

ಗೆಳೆಯರ ದನಿ ಹೆಡ್‌ಫೋನಿನಲ್ಲಿ ಸರಿಯಾಗಿ ಕೇಳಿದ ಮೇಲೆ ಹೋಗುವ ವೈರಿಗೆ ಬನ್ನಿರಿ. ಪ್ರತಿ ಚಾನೆಲ್ಲಿನಲ್ಲಿಯೂ ಆಕ್ಸ್ ಅಥವಾ ಎಫ್‌ಎಕ್ಸ್ ಎಂಬ ಒಂದು ನಾಬ್ ಇರುತ್ತದೆ. ಆ ಚಾನೆಲ್ಲಿನ ಎಷ್ಟು ಭಾಗ ಆಕ್ಸ್ ಸೆಂಡಿಗೆ ಹೋಗಬೇಕೆಂದು ಹೇಳುವುದು ಅದೇ. ಮೈಕಿನ ಚಾನೆಲ್ಲಿನಲ್ಲಿ ಅದನ್ನು ನಡುವಿಗೆ ತನ್ನಿರಿ. ಗೆಳೆಯರ ಚಾನೆಲ್ಲಿನಲ್ಲಿ ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮೇಲೊಂದು ಚಿಕ್ಕ ಟೇಪು ಅಂಟಿಸಿ, ಯಾರೂ ಮುಟ್ಟದಂತೆ ಮಾಡಿರಿ. ಕಾಗದದ ಮೇಲೆ ಖಾಲಿ ಬಿಟ್ಟ ಮನೆ ಇದೇ ನಾಬು.

ಆಕ್ಸ್ ಸೆಂಡಿನಿಂದ ಬರುವುದು ಲೈನ್ ಮಟ್ಟದ ಜೋರಾದ ಧ್ವನಿ. ಚಿಕ್ಕ ಕಾರ್ಡಿನ ಮೈಕ್ ತೂತು ಕಾಯುತ್ತಿರುವುದು ಮೈಕಿನ ಸೂಕ್ಷ್ಮ ಧ್ವನಿಗೆ. ನೇರವಾಗಿ ಬಿಟ್ಟರೆ ಗೆಳೆಯರಿಗೆ ಹರಿದ ದನಿ ಕೇಳುತ್ತದೆ. ಹಾಗಾಗಿ ಸೆಂಡಿನ ಮುಖ್ಯ ನಾಬನ್ನು ಸೊನ್ನೆಯಲ್ಲಿಟ್ಟು, ವಿಂಡೋಸಿನಲ್ಲಿ ಆ ಕಾರ್ಡಿನ ಮೈಕ್ ಮಟ್ಟವನ್ನು 20ರ ಆಸುಪಾಸಿಗೆ ಇಳಿಸಿ, ಮೈಕ್ ಬೂಸ್ಟ್ ಇದ್ದರೆ ತೆಗೆದು, ಅನಂತರ ನಾಬನ್ನು ಕೂದಲೆಳೆಯಷ್ಟು ಏರಿಸುತ್ತ ಗೆಳೆಯರನ್ನು ಕೇಳಿರಿ. ಒಳಗೇ ಎಫೆಕ್ಟ್ ಇರುವ ಮಿಕ್ಸರುಗಳಲ್ಲಿ ಇದೇ ಸೆಂಡ್ ರಿವರ್ಬಿಗೂ ಹೋಗುವುದುಂಟು; ನಿಮ್ಮ ದನಿ ಗುಡಿಯೊಳಗಿನಿಂದ ಬಂದಂತೆ ಮೊಳಗಿದರೆ ಎಫ್‌ಎಕ್ಸ್ ರಿಟರ್ನ್ ಸೊನ್ನೆ ಮಾಡಿರಿ. ಚಿಕ್ಕ ಮಿಕ್ಸರುಗಳಲ್ಲಿ ಎಫ್‌ಎಕ್ಸ್ ಸೆಂಡ್ ಸಾಮಾನ್ಯವಾಗಿ ಫೇಡರಿನ ನಂತರದ್ದು, ಅಂದರೆ ಮೈಕಿನ ಫೇಡರ್ ಇಳಿಸಿದರೆ ಗೆಳೆಯರಿಗೂ ನಿಮ್ಮ ದನಿ ನಿಲ್ಲುತ್ತದೆ ಎಂಬುದು ನೆನಪಿರಲಿ.

ಮಿಕ್ಸರ್, ಚಿಕ್ಕ ಕಾರ್ಡ್ ಎರಡೂ ಒಂದೇ ಕಂಪ್ಯೂಟರಿಗೆ ಸೇರಿರುವುದರಿಂದ ಈ ದಾರಿಯಲ್ಲಿ ಗ್ರೌಂಡ್ ಲೂಪ್ (ಅರ್ತಿಂಗಿಗೆ ಎರಡು ದಾರಿಗಳು ಸೇರಿ ಸುತ್ತುಗಟ್ಟುವುದು) ಆಗಿ ಗುಂಯ್ ಎಂಬ ಸದ್ದೋ, ಮೌಸ್ ಸರಿಸಿದಾಗ ಚಿಂಯ್ ಎಂಬ ಸದ್ದೋ ಸೇರಿಕೊಳ್ಳುವುದು ಸಾಮಾನ್ಯ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿರಿ. ಸದ್ದು ನಿಂತರೆ ಕಾರಣ ಅದೇ. ಅರ್ತಿಂಗ್ ಮುಟ್ಟದೆ, 3.5 ಮಿ.ಮೀ. ಪಿನ್ನಿನ ಗ್ರೌಂಡ್ ಲೂಪ್ ಐಸೊಲೇಟರ್ ತಂದು ಮೊದಲು ಒಂದು ವೈರಿಗೆ, ಸಾಲದಿದ್ದರೆ ಇನ್ನೊಂದಕ್ಕೂ ಹಾಕಿರಿ.

ಮೊಬೈಲಿನಲ್ಲಿ ಮಾತಾಡುವವರಿಗೂ ಕ್ರಮ ಇದೇ. ಚಿಕ್ಕ ಕಾರ್ಡಿನ ಬದಲು, ಮೊಬೈಲಿನ ನಾಲ್ಕು ಗೆರೆಯ ಪಿನ್ನನ್ನು ಮೈಕ್ ಮತ್ತು ಹೆಡ್‌ಫೋನ್ ಎಂದು ಎರಡಾಗಿ ಒಡೆಯುವ ಸ್ಪ್ಲಿಟರ್ ಬಳಸಬೇಕು, ಅಷ್ಟೇ.

ಹಂತ 9: ಪ್ರತಿಧ್ವನಿ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು

ಎಲ್ಲ ಮಾಡಿದ ಮೇಲೂ ಗೆಳೆಯರಿಗೆ ತಮ್ಮ ದನಿ ಮರಳಿ ಕೇಳಿದರೆ ಗಾಬರಿಯಿಂದ ನಾಬುಗಳನ್ನೆಲ್ಲ ತಿರುಗಿಸಬೇಡಿರಿ. ಮೊದಲು ಡಿಸ್ಕಾರ್ಡ್‌ನಲ್ಲಿ ನಿಮ್ಮನ್ನು ಮ್ಯೂಟ್ ಮಾಡಿಕೊಂಡು ಗೆಳೆಯರನ್ನು ಮಾತಾಡಲು ಹೇಳಿರಿ. ಪ್ರತಿಧ್ವನಿ ನಿಲ್ಲದಿದ್ದರೆ ತೊಂದರೆ ಬೇರೆ ಗೆಳೆಯರೊಬ್ಬರ ಮನೆಯಲ್ಲಿದೆ. ಅವರೂ ಒಬ್ಬೊಬ್ಬರಾಗಿ ಹೀಗೆಯೇ ಮಾಡಲಿ. ನಿಂತರೆ ಅದು ನಿಮ್ಮ ಕಡೆಯದು. ಆಗ ಮ್ಯೂಟ್ ತೆಗೆದು, ಹೆಡ್‌ಫೋನಿನ ಪಿನ್ನನ್ನು ಮಿಕ್ಸರಿನಿಂದ ಕೀಳಿರಿ. ಪ್ರತಿಧ್ವನಿ ಹೋದರೆ ಹೆಡ್‌ಫೋನಿನಿಂದ ಸೋರಿದ ಸದ್ದನ್ನೇ ಮೈಕ್ ಹಿಡಿಯುತ್ತಿದೆ ಎಂದರ್ಥ. ಹೆಡ್‌ಫೋನಿನ ಮಟ್ಟ ಇಳಿಸಿರಿ, ಮೈಕನ್ನು ಬಾಯಿಗೆ ಹತ್ತಿರ ತಂದು ಗೇನ್ ತಗ್ಗಿಸಿರಿ. ಹೆಡ್‌ಫೋನ್ ಕಿತ್ತರೂ ಹೋಗದಿದ್ದರೆ ತಪ್ಪು ವೈರಿನ ದಾರಿಯಲ್ಲಿದೆ: ಮೊದಲ ದಾರಿಯವರು ಲೂಪ್‌ಬ್ಯಾಕ್ ಸ್ವಿಚ್ಚನ್ನೂ, ಎರಡನೆಯ ದಾರಿಯವರು ಟೇಪು ಅಂಟಿಸಿದ ನಾಬನ್ನೂ ಮತ್ತೆ ನೋಡಬೇಕು. ಗೆಳೆಯರಿಗೆ ಏನೂ ಆಗದೆ ವೀಕ್ಷಕರಿಗೆ ಮಾತ್ರ ಎರಡೆರಡು ಸಲ ಕೇಳುತ್ತಿದ್ದರೆ ಮಿಕ್ಸರನ್ನು ಮುಟ್ಟಲೇಬೇಡಿರಿ. ಅದು ಒಬಿಎಸ್‌ನಲ್ಲಿ ಒಂದೇ ಸದ್ದನ್ನು ಎರಡು ಕಡೆ ಸೇರಿಸಿದ್ದರಿಂದ, ಇಲ್ಲವೇ ಆಡಿಯೊ ಮಾನಿಟರಿಂಗ್ (ಒಬಿಎಸ್ ಆ ಸದ್ದನ್ನು ನಿಮಗೂ ಕೇಳಿಸುವ ಆಯ್ಕೆ) ಆನ್ ಇರುವುದರಿಂದ ಆದದ್ದು.

ಹಂತ 10: ತಾಲೀಮು

ನಾಟಕದವರು ತಾಲೀಮಿಲ್ಲದೆ ರಂಗವೇರುವುದಿಲ್ಲ. ಗೆಳೆಯರನ್ನು ಸೇರಿಸಿಕೊಂಡು ಹತ್ತು ನಿಮಿಷ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವ) ಲೈವ್ ಮಾಡಿ, ಆ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ಕೇಳಿರಿ, ಏಕೆಂದರೆ ನಿಮ್ಮ ವೀಕ್ಷಕರಲ್ಲಿ ಹೆಚ್ಚಿನವರು ಹಾಗೆಯೇ ಕೇಳುತ್ತಾರೆ. ಆಟದ ಸದ್ದಿನ ಮೇಲೆ ಮಾತು ತೇಲಬೇಕು. ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿರಿ. ಕೈಗಳು ಸೇರುವ ಮೊದಲೇ ಸದ್ದು ಬಂದರೆ ಒಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಮೈಕಿಗೆ 50 ಮಿಲಿಸೆಕೆಂಡ್‌ನಂತೆ ಸೇರಿಸುತ್ತ ಹೊಂದಿಸಿರಿ. ಎಲ್ಲವೂ ಸರಿಯಾದ ಗಳಿಗೆಯಲ್ಲಿ ಮಿಕ್ಸರಿನ ನೇರ ಮೇಲಿನಿಂದ ಒಂದು ಫೋಟೊ ತೆಗೆದು, ಅದನ್ನು ಹಂತ 1ರ ಹಾಳೆಯ ಜೊತೆ ಗೋಡೆಗೆ ಅಂಟಿಸಿರಿ.

ಹಂತ 11: ಕರೆಂಟ್ ಹೋಗಿ ಬಂದಾಗ

ನಮ್ಮ ಊರುಗಳಲ್ಲಿ ಇದನ್ನು ಪ್ರತ್ಯೇಕ ಹಂತವಾಗಿಯೇ ಬರೆಯಬೇಕು. ಕರೆಂಟ್ ಹೋದೊಡನೆ ಹೆಡ್‌ಫೋನನ್ನು ಕಿವಿಯಿಂದ ತೆಗೆಯಿರಿ, ಮರಳಿ ಬರುವಾಗಿನ ಢಬ್ ಎಂಬ ಸದ್ದು ಕಿವಿಗೆ ಕೆಟ್ಟದ್ದು. ಮೇನ್ ಫೇಡರ್ ಇಳಿಸಿ, ಮಿಕ್ಸರಿನ ಸ್ವಿಚ್ ಆರಿಸಿರಿ. ಕರೆಂಟ್ ಬಂದ ಮೇಲೆ ಮೊದಲು ಮಿಕ್ಸರ್, ಅದರ ದೀಪ ಸ್ಥಿರವಾದ ಮೇಲೆ ಕಂಪ್ಯೂಟರ್, ಅನಂತರ ಡಿಸ್ಕಾರ್ಡ್, ಕೊನೆಗೆ ಒಬಿಎಸ್ ತೆರೆಯಿರಿ. ಇದನ್ನು ತಲೆಕೆಳಗು ಮಾಡಿದರೆ ಮಿಕ್ಸರ್ ಇನ್ನೂ ಕಾಣದಿರುವಾಗಲೇ ವಿಂಡೋಸ್ ಲ್ಯಾಪ್‌ಟಾಪಿನ ಒಳಮೈಕನ್ನು ಮುಖ್ಯವೆಂದು ಆಯ್ದುಕೊಂಡುಬಿಡಬಹುದು. ಮತ್ತೆ ಲೈವ್ ಒತ್ತುವ ಮುಂಚೆ ವಿಂಡೋಸಿನ ಮುಖ್ಯ ಔಟ್‌ಪುಟ್, ಡಿಸ್ಕಾರ್ಡಿನ ಎರಡು ಹೆಸರುಗಳು, ಒಬಿಎಸ್‌ನ ಮೈಕ್ ಈ ಮೂರನ್ನು ನೋಡಿ, ಗೋಡೆಯ ಫೋಟೊದೊಡನೆ ನಾಬುಗಳನ್ನು ಹೋಲಿಸಿ, ಮೈಕಿನ ಮೇಲೆ ಒಮ್ಮೆ ಉಗುರಿನಿಂದ ತಟ್ಟಿರಿ.